1969ರ ಕ್ಯಾಮರೋಗೆ ಲಾಂಗ್ ಟ್ಯೂಬ್ ಹೆಡರ್ಸ್: ನಾಲ್ಕು ಬೇಸಿಗೆ ಓಡಿಸಿದ ಮೇಲೆ

ಗಾಡಿ 1969ರ ಶೆವ್ರೊಲೆ ಕ್ಯಾಮರೋ, 350 ಘನ ಇಂಚಿನ ಸ್ಮಾಲ್ ಬ್ಲಾಕ್ ವಿ8 ಇಂಜಿನ್ (ಎರಡು ಸಾಲಿನಲ್ಲಿ ಎಂಟು ಸಿಲಿಂಡರ್), ನಾಲ್ಕು ಗೇರಿನ ಮ್ಯಾನ್ಯುಯಲ್. ಇರುವುದು ಮಿಶಿಗನ್‌ನಲ್ಲಿ. ಇಂಜಿನ್ ಹೊಗೆಯನ್ನು ಹೊರಗೊಯ್ಯುವ ಬೀಡುಕಬ್ಬಿಣದ ಹಳೆಯ ಎಕ್ಸಾಸ್ಟ್ ಮ್ಯಾನಿಫೋಲ್ಡ್ ತೆಗೆಸಿ, ಅದರ ಜಾಗಕ್ಕೆ ಉದ್ದ ಪೈಪುಗಳ ಹೆಡರ್ಸ್ ಹಾಕಿಸಿದೆ: ಸಿಲಿಂಡರ್‌ಗೊಂದರಂತೆ 1 5/8 ಇಂಚಿನ ಪ್ರೈಮರಿ ಪೈಪು, ಅವೆಲ್ಲ ಕೂಡುವಲ್ಲಿ 3 ಇಂಚಿನ ಕಲೆಕ್ಟರ್. ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ಸೆರಾಮಿಕ್ ಕೋಟಿಂಗ್ (ಶಾಖ, ತುಕ್ಕು ತಡೆಯುವ ಲೇಪ) ಇಲ್ಲದ್ದನ್ನು ಮಾತ್ರ ದಯವಿಟ್ಟು ಕೊಳ್ಳಬೇಡಿ.

ಈ ಇಂಜಿನ್‌ನ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳು ಉರಿಯುವ ಸರದಿ, 1-8-4-3-6-5-7-2. ಎಡಸಾಲಿನಲ್ಲಿರುವುದು 1, 3, 5, 7. ಅಂದರೆ ಪಕ್ಕಪಕ್ಕದಲ್ಲೇ ಇರುವ 5 ಮತ್ತು 7 ಒಂದರ ಬೆನ್ನಿಗೇ ಇನ್ನೊಂದು ಉರಿಯುತ್ತವೆ. ಹಳೆಯ ಮ್ಯಾನಿಫೋಲ್ಡ್‌ನಲ್ಲಿ 5ರ ಹೊಗೆ ಹೊರಬೀಳುವಷ್ಟರಲ್ಲಿ 7ರದ್ದೂ ಅಲ್ಲಿಗೇ ನುಗ್ಗಿ ಎರಡೂ ಒಂದಕ್ಕೊಂದು ಅಡ್ಡವಾಗುತ್ತಿದ್ದವು. ಹೆಡರ್ಸ್‌ನಲ್ಲಿ ಪ್ರತಿ ಸಿಲಿಂಡರ್‌ಗೂ ಅದರದೇ ಉದ್ದನೆಯ ಪೈಪು. ಒಂದರ ಹೊಗೆ ರಭಸದಿಂದ ಕಲೆಕ್ಟರ್ ದಾಟಿದಾಗ ಅದರ ಹಿಂದೆ ಒತ್ತಡ ಕುಸಿದು, ಮುಂದಿನದ್ದನ್ನು ಎಳೆದುಕೊಳ್ಳುತ್ತದೆ. ಇಂಜಿನ್ 3,000 ಆರ್‌ಪಿಎಂ ದಾಟಿದ ಮೇಲೆ ಈ ವ್ಯತ್ಯಾಸ ಪೆಡಲ್ ಮೇಲಿನ ಕಾಲಿಗೇ ಗೊತ್ತಾಗುತ್ತದೆ. ಊರೊಳಗೆ ನಿಧಾನಕ್ಕೆ ಓಡಿಸುವವರಿಗೆ ಹೆಚ್ಚೇನೂ ಅನಿಸದು. ಕಾರ್ಬುರೇಟರ್‌ನ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ಬಿಡಿಭಾಗ) ಒಂದೆರಡು ನಂಬರ್ ದೊಡ್ಡದು ಹಾಕಿಸಿದ್ದೇನೆ. ಹಾಗಾದಾಗಲೇ ಪೂರ್ತಿ ಲಾಭ ಸಿಕ್ಕಿದ್ದು.

ಕೂರಿಸುವ ಕೆಲಸ ತ್ರಾಸದ್ದು. ಎಡಕ್ಕೆ ಸ್ಟೀರಿಂಗ್ ಬಾಕ್ಸ್, ಕ್ಲಚ್ ಲಿಂಕೇಜ್, ಆಯಿಲ್ ಫಿಲ್ಟರ್ ಎಲ್ಲ ಒತ್ತೊತ್ತಾಗಿವೆ. ಬಲಕ್ಕೆ ಸ್ಟಾರ್ಟರ್ ಪಕ್ಕದಲ್ಲೇ ಪೈಪು ಹಾಯುತ್ತದೆ. ಆಗಸ್ಟಿನಲ್ಲಿ ಇಲ್ಲಿ ನಡೆಯುವ ಹಳೆಯ ಕಾರುಗಳ ಮೆರವಣಿಗೆ ವುಡ್‌ವರ್ಡ್ ಡ್ರೀಮ್ ಕ್ರೂಸ್‌ನಲ್ಲಿ ಗಂಟೆಗಟ್ಟಲೆ ತೆವಳಿ ಆಫ್ ಮಾಡಿದರೆ, ಬಿಸಿಗೆ ಸ್ಟಾರ್ಟರ್ ತಿರುಗುತ್ತಲೇ ಇರಲಿಲ್ಲ. ಮಿನಿ ಸ್ಟಾರ್ಟರ್ ಮತ್ತು ಹೀಟ್ ಶೀಲ್ಡ್ ಹಾಕಿದ ಮೇಲೆ ಆ ಕಾಟ ನಿಂತಿದೆ. ಪ್ಲಗ್ ವೈರ್‌ಗಳಿಗೂ ಶಾಖ ತಡೆಯುವ ತೋಳು ತೊಡಿಸಿ.

ನನಗೆ ನಿಜಕ್ಕೂ ಬೇಸರ ತಂದದ್ದು ಡಬ್ಬಿಯಲ್ಲಿ ಬಂದ ರಟ್ಟಿನಂಥ ಗ್ಯಾಸ್ಕೆಟ್ (ಇಂಜಿನ್ ಮತ್ತು ಹೆಡರ್ಸ್ ನಡುವೆ ಹೊಗೆ ಸೋರದಂತೆ ಕೂರಿಸುವ ತೆಳು ಹಾಳೆ). ಎರಡನೇ ಬೇಸಿಗೆಗೇ 7ನೇ ಸಿಲಿಂಡರಿನ ಹೊಗೆ ಹೊರಬರುವ ಬಾಯಿಯ (ಪೋರ್ಟ್) ಹತ್ತಿರ ಸುಟ್ಟುಹೋಯಿತು. ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್ ಸದ್ದು. ಇಂಜಿನ್ ಬಿಸಿಯಾದಂತೆ ಕಬ್ಬಿಣ ಹಿಗ್ಗಿ ಸದ್ದು ಅಡಗುತ್ತಿತ್ತು. ಬಿಚ್ಚಿದಾಗ ಅಂಚಿನಲ್ಲಿ ಬೆರಳಗಲ ಮಸಿ. ಪದರು ಪದರಾದ ಸ್ಟೀಲ್ ಗ್ಯಾಸ್ಕೆಟ್ ಹಾಕಿದ್ದೇನೆ, ಈವರೆಗೆ ಸದ್ದಿಲ್ಲ. ಇಷ್ಟು ಬೆಲೆಯ ಸಾಮಾನಿಗೆ ಇದನ್ನು ಮೊದಲೇ ಕೊಡಬೇಕಿತ್ತು. ಬೋಲ್ಟ್‌ಗಳು ಬಿಸಿ-ತಣ್ಣಗೆ ಆಗುತ್ತಾ ಸಡಿಲವಾಗುತ್ತವೆ, ಮೊದಮೊದಲು ಮತ್ತೆ ಮತ್ತೆ ಬಿಗಿ ಮಾಡಲೇಬೇಕು. ಇಂಜಿನ್‌ಗೆ ಬೋಲ್ಟ್ ಹಾಕಿ ಕೂರಿಸುವ ಪಟ್ಟಿ (ಫ್ಲ್ಯಾಂಜ್) 3/8 ಇಂಚು ದಪ್ಪವಿರುವುದರಿಂದ ಸೊಟ್ಟಗಾಗಿಲ್ಲ.

ಕೋಟಿಂಗ್ ವಿಷಯಕ್ಕೆ ಬಂದರೆ, ಹೆಡ್‌ನ ಹತ್ತಿರದ ಮೊದಲ ಬಾಗಿನಲ್ಲಿ ಹೊಳಪು ಮಾಸಿದೆ, ಅಷ್ಟೇ. ತುಕ್ಕಿಲ್ಲ. ಬರೀ ಬಣ್ಣ ಬಳಿದ ಸೆಟ್ ತಂದ ಗೆಳೆಯನದ್ದು ಬಣ್ಣ ಸುಟ್ಟು ಈಗಾಗಲೇ ತುಕ್ಕಿನಿಂದ ಕೆಂಪಗಾಗಿದೆ. ಕಾಲಿನ ಹತ್ತಿರದ ಬಿಸಿಯೂ ನನ್ನ ಗಾಡಿಯಲ್ಲಿ ಕಡಿಮೆ.

ಕಲೆಕ್ಟರ್ ತೀರಾ ತಗ್ಗಿನಲ್ಲಿದೆ, ಸ್ಪೀಡ್ ಹಂಪ್‌ಗಳನ್ನು ಓರೆಯಾಗಿ ಹತ್ತಿಸಬೇಕು. ದೊಡ್ಡ ಕ್ಯಾಮ್ (ವಾಲ್ವ್‌ಗಳನ್ನು ತೆರೆಯುವ ದಂಡ) ಹಾಕಿ 6,000 ಆರ್‌ಪಿಎಂ ಮೇಲೆ ಡ್ರ್ಯಾಗ್ ಸ್ಟ್ರಿಪ್‌ನಲ್ಲಿ (ನೇರ ಓಟದ ರೇಸ್ ಪಟ್ಟಿ) ಓಡಿಸುವವರು 1 3/4 ಇಂಚಿನದ್ದು ನೋಡಿ. ರಸ್ತೆಯ 350ಕ್ಕೆ 1 5/8 ಸಾಕು.