ಹಳೆಯ ಯೆಜ್ಡಿಯ ವೈರಿಂಗ್ ಮತ್ತು ಅಗ್ಗದ ಮಲ್ಟಿಮೀಟರ್: ಏಳು ವರ್ಷಗಳ ಬಳಕೆಯ ಅನುಭವ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 2018ರಲ್ಲಿ 250 ರೂಪಾಯಿ ಕೊಟ್ಟು ತಂದ ಹಳದಿ ಬಣ್ಣದ 830ಡಿ ಮಾದರಿಯ ಡಿಜಿಟಲ್ ಮಲ್ಟಿಮೀಟರನ್ನು (ವೋಲ್ಟ್, ಕರೆಂಟ್, ಅಡ್ಡಿಗಳನ್ನು ಅಳೆಯುವ ಸಾಧನ) ನಾನು ಇಷ್ಟು ವರ್ಷ ಬಳಸಿರುವುದು ಬಹುಪಾಲು ಒಂದೇ ಕೆಲಸಕ್ಕೆ: ತಂದೆಯವರು ಕೊಂಡ 1982ರ ಯೆಜ್ಡಿ 250 ಬೈಕಿನ ವೈರಿಂಗ್ ತೊಂದರೆಗಳನ್ನು ಹುಡುಕುವುದಕ್ಕೆ. ಈ ಮಾದರಿ ಹತ್ತಾರು ಹೆಸರುಗಳಲ್ಲಿ ಮಾರಾಟವಾಗುತ್ತದೆ, ಒಳಗಿನ ಯಂತ್ರ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಇಲ್ಲಿ ಬರೆದಿರುವುದು ಆ ಜಾತಿಯ ಎಲ್ಲ ಮೀಟರುಗಳಿಗೂ ಬಹುಮಟ್ಟಿಗೆ ಅನ್ವಯಿಸುತ್ತದೆ.

ಯೆಜ್ಡಿಗಳನ್ನು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಆರಂಭವಾಗಿ 1996ರಲ್ಲಿ ಮುಚ್ಚಿತು. ಹಾಗಾಗಿ ರಸ್ತೆಯ ಮೇಲಿರುವ ಅಲ್ಲಿನ ಹಳೆಯ ಗಾಡಿಗಳಲ್ಲಿ ಅತ್ಯಂತ ಹೊಸದರ ವೈರುಗಳಿಗೂ ಮೂವತ್ತು ವರ್ಷ ಸಮೀಪಿಸಿದೆ. ನನ್ನ ಗಾಡಿಯದು 6 ವೋಲ್ಟಿನ ವ್ಯವಸ್ಥೆ; ಡೈನಮೋದ ಸಾಮರ್ಥ್ಯ ಸುಮಾರು 45 ವ್ಯಾಟ್, ಹೆಡ್‌ಲೈಟ್ ಬಲ್ಬೊಂದೇ 35 ವ್ಯಾಟ್ ಬೇಡುತ್ತದೆ. ಉಳಿಕೆಯೇ ಇಲ್ಲದ ಇಂಥ ವ್ಯವಸ್ಥೆಯಲ್ಲಿ ದಾರಿಯಲ್ಲಿ ಒಂದು ವೋಲ್ಟ್ ಸೋರಿಹೋದರೆ ಆರರಲ್ಲಿ ಒಂದು ಪಾಲು ಹೋದಂತೆ. 12 ವೋಲ್ಟಿನ ಗಾಡಿಯವರಿಗೆ ಈ ಕಷ್ಟ ಇಷ್ಟು ತೀವ್ರವಾಗಿ ಅರಿವಿಗೆ ಬರುವುದಿಲ್ಲ.

ಮೀಟರ್ ಕೊಳ್ಳಬೇಕಾಗಿ ಬಂದದ್ದು ಗಾಡಿಗೆ ಹೊಸ ಬಣ್ಣ ಹೊಡೆಸಿದ ಮೇಲೆ. ಬಣ್ಣವೇನೋ ಕಣ್ಣಿಗೆ ಹಬ್ಬವಾಗಿತ್ತು, ಆದರೆ ಹೆಡ್‌ಲೈಟ್ ಮಂಕಾಯಿತು, ದೀಪ ಹಾಕಿದಾಗ ಹಾರನ್ ಗೊರಗೊರ ಎನ್ನತೊಡಗಿತು. ಒಬ್ಬರು ಬ್ಯಾಟರಿ ಬದಲಿಸಿದರು, ಇನ್ನೊಬ್ಬರು ಡೈನಮೋವನ್ನು ಬ್ಯಾಟರಿಗೆ ಸೇರಿಸುವ, ಬೇಡದಾಗ ಬಿಡಿಸುವ ಕಟೌಟ್ ಎಂಬ ಸ್ವಿಚ್ಚನ್ನು ಬದಲಿಸಿದರು, ಮೂರನೆಯವರು ಇಡೀ ವೈರಿಂಗ್ ಕಿಟ್ಟನ್ನೇ ತೆಗೆದು ಹೊಸದು ಹಾಕಬೇಕೆಂದರು. ಅಷ್ಟರಲ್ಲಿ ಸಾಕಷ್ಟು ಹಣ ಖರ್ಚಾಗಿತ್ತು, ಬೆಳಕು ಮಾತ್ರ ಇದ್ದಂತೆಯೇ ಇತ್ತು.

ಮೀಟರ್ ತಂದ ಮೊದಲ ದಿನ ನಾನೂ ಎಲ್ಲರಂತೆ ವೈರು ತುಂಡಾಗಿಲ್ಲದಿದ್ದರೆ ಬೀಪ್ ಶಬ್ದ ಬರುವ ಕಂಟಿನ್ಯುಯಿಟಿ ಸ್ಥಾನದಲ್ಲಿ ಒಂದೊಂದೇ ವೈರನ್ನು ಪರೀಕ್ಷಿಸಿದೆ. ಎಲ್ಲವೂ ಬೀಪ್ ಎಂದವು, ಅರ್ತ್ (ಗಾಡಿಯ ಲೋಹದ ಮೂಲಕ ಕರೆಂಟ್ ಬ್ಯಾಟರಿಗೆ ಮರಳುವ ದಾರಿ) ಕೂಡ. ಹಳೆಯ ಗಾಡಿಯ ವೈರಿಂಗ್ ನೋಡುವವರು ಮೊದಲು ತಿಳಿದುಕೊಳ್ಳಬೇಕಾದ ಸಂಗತಿ ಇಲ್ಲಿದೆ: ಆ ಶಬ್ದವನ್ನು ನಂಬಬಾರದು. ಕರೆಂಟಿನ ಹರಿವಿಗೆ ಹತ್ತಾರು ಓಮ್ ಅಡ್ಡಿಯಿದ್ದರೂ ಮೀಟರ್ ಬೀಪ್ ಎನ್ನುತ್ತದೆ, ವೈರಿನೊಳಗೆ ಒಂದೇ ಎಳೆ ಉಳಿದಿದ್ದರೂ ಬೀಪ್ ಎನ್ನುತ್ತದೆ. ಹೆಡ್‌ಲೈಟಿನ ದಾರಿಯಲ್ಲಿ ಹರಿಯುವುದು ಐದಾರು ಆಂಪಿಯರ್. ಅಷ್ಟು ಕರೆಂಟಿಗೆ 0.2 ಓಮ್ ಅಡ್ಡಿಯೇ ಒಂದು ವೋಲ್ಟನ್ನು ನುಂಗಿಬಿಡುತ್ತದೆ. ಈ ಮೀಟರಿನ ಓಮ್ ಸ್ಥಾನ ತೋರಿಸಬಲ್ಲ ಅತಿ ಸಣ್ಣ ಅಳತೆಯೇ 0.1 ಓಮ್, ಮುಟ್ಟಿಸಿ ಅಳೆಯುವ ಅದರ ಎರಡು ಕಡ್ಡಿಗಳ ವೈರಿನಲ್ಲಿಯೇ ಅದಕ್ಕಿಂತ ಹೆಚ್ಚು ಅಡ್ಡಿ ಇರುತ್ತದೆ. ಹೀಗಿರುವಾಗ ದೋಷ ಕಣ್ಣೆದುರಿಗಿದ್ದರೂ ಓಮ್ ಸ್ಥಾನದಲ್ಲಿ ಅದು ಕಾಣಿಸದು.

ಕಾಣಿಸುವುದು ವೋಲ್ಟ್ ಸ್ಥಾನದಲ್ಲಿ, ದೀಪ ಉರಿಯುತ್ತಿರುವಾಗ. ಎಂಜಿನ್ ನಿಲ್ಲಿಸಿ, ಹೆಡ್‌ಲೈಟ್ ಹಾಕಿ ಅಳೆದೆ: ಬ್ಯಾಟರಿಯ ತುದಿಗಳಲ್ಲಿ 6.1 ವೋಲ್ಟ್ ಇದ್ದರೆ ಬಲ್ಬ್ ಹೋಲ್ಡರಿನಲ್ಲಿ 4.7 ಮಾತ್ರ. ಆಮೇಲೆ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ತುದಿಗೂ ಇನ್ನೊಂದನ್ನು ಬಲ್ಬ್ ಹೋಲ್ಡರಿನ ಲೋಹಕ್ಕೂ ಹಿಡಿದಾಗ 0.9 ವೋಲ್ಟ್ ತೋರಿತು. ಅರ್ತ್ ಸರಿಯಿದ್ದರೆ ಅಲ್ಲಿ ಸೊನ್ನೆಯ ಆಸುಪಾಸಿನಲ್ಲಿರಬೇಕು. ಉಳಿದ 0.5 ವೋಲ್ಟ್ ಪಾಸಿಟಿವ್ ದಾರಿಯಲ್ಲಿ, ಅದರಲ್ಲಿ ಹೆಚ್ಚಿನದು ಕೀಲಿ ಸ್ವಿಚ್ಚಿನೊಳಗಿನ ಕಪ್ಪುಗಟ್ಟಿದ ತಗಡುಗಳಲ್ಲಿ ಹೋಗುತ್ತಿತ್ತು. ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ವೇಗವಾಗಿ ಕುಸಿಯುವುದರಿಂದ 4.7 ವೋಲ್ಟಿನಲ್ಲಿ ಅದು ಕೊಡುವುದು ಅರ್ಧಕ್ಕಿಂತಲೂ ಕಡಿಮೆ ಬೆಳಕು.

ಕಾರಣ ಬಣ್ಣವೇ. ಬ್ಯಾಟರಿಯ ಅರ್ತ್ ಬೋಲ್ಟಿನ ಕೆಳಗೆ ಹೊಸ ಬಣ್ಣ ದಪ್ಪನೆಯ ಪದರವಾಗಿ ಕೂತಿತ್ತು, ಮುಂಭಾಗದ ಅರ್ತ್ ಹ್ಯಾಂಡಲ್ ಕುತ್ತಿಗೆಯ ಗ್ರೀಸ್ ತುಂಬಿದ ಬೇರಿಂಗ್‌ಗಳ ಮೂಲಕ ಹಾದುಹೋಗಬೇಕಾಗಿತ್ತು. ಬೋಲ್ಟಿನ ಜಾಗವನ್ನು ಉಪ್ಪುಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿದ ಮೇಲೆ ತುಕ್ಕು ಹಿಡಿಯದಂತೆ ವ್ಯಾಸಲೀನ್ ಸವರಿದೆ. ಬ್ಯಾಟರಿಯ ನೆಗೆಟಿವ್‌ನಿಂದ ಬಲ್ಬ್ ಹೋಲ್ಡರಿನವರೆಗೆ 2.5 ಚದರ ಮಿಲಿಮೀಟರಿನ ಕಪ್ಪು ವೈರೊಂದನ್ನು ಬೇರೆಯಾಗಿಯೇ ಎಳೆದೆ. ಸ್ವಿಚ್ಚಿನ ತಗಡುಗಳನ್ನೂ ಸ್ವಚ್ಛಗೊಳಿಸಿದ ನಂತರ ಬಲ್ಬಿನಲ್ಲಿ 5.8 ವೋಲ್ಟ್ ಬಂತು. ಆ ರಾತ್ರಿ ತಂದೆಯವರು ಗೇಟಿನ ಬಳಿ ನಿಂತು, ಗಾಡಿ ಹೊಸದಾಗಿ ಬಂದಾಗ ಇದ್ದ ಬೆಳಕು ಇದೇ ಎಂದರು. ವೈರಿಂಗ್ ಕಿಟ್ ಬದಲಿಸುವ ಅಗತ್ಯ ಇಂದಿಗೂ ಬಂದಿಲ್ಲ.

ಮೀಟರಿಗೆ ಸಾಧ್ಯವಾಗದ ಕೆಲಸಗಳೂ ಇವೆ. ಹ್ಯಾಂಡಲ್ ಎಡಕ್ಕೆ ತಿರುಗಿಸಿದಾಗ ಮಾತ್ರ ಎಂಜಿನ್ ತಡವರಿಸುತ್ತಿದ್ದ ಕಾಲದಲ್ಲಿ ಇದು ನೆರವಾಗಲಿಲ್ಲ, ಏಕೆಂದರೆ ಇದರ ಅಂಕಿಗಳು ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಬದಲಾಗುತ್ತವೆ. ಕ್ಷಣಮಾತ್ರದ ಕಡಿತ ಅದರ ಕಣ್ಣಿಗೆ ಬೀಳುವುದಿಲ್ಲ. ಎರಡು ವೈರು ಬೆಸುಗೆ ಹಾಕಿದ ಹಿಂದಿನ ದೀಪದ ಹಳೆಯ ಬಲ್ಬೊಂದು ಮಿನುಗಿ ಆ ದೋಷವನ್ನು ತಕ್ಷಣ ತೋರಿಸಿತು. ಹ್ಯಾಂಡಲ್ ಕುತ್ತಿಗೆಯ ಬಳಿ ವೈರಿನ ಹೊರಗಿನ ಪ್ಲಾಸ್ಟಿಕ್ ಸರಿಯಾಗಿಯೇ ಇದ್ದು, ಒಳಗಿನ ತಾಮ್ರ ತುಂಡಾಗಿತ್ತು. ಬೆಳಗಾಗುವಷ್ಟರಲ್ಲಿ ಬ್ಯಾಟರಿ ಖಾಲಿಯಾಗುತ್ತಿದ್ದಾಗಲೂ ಅದೇ ಬಲ್ಬನ್ನು ಫ್ಯೂಸಿನ ಜಾಗದಲ್ಲಿ ಸೇರಿಸಿ ನೋಡಿದೆ; ಕೀಲಿ ತೆಗೆದ ಮೇಲೂ ಅದು ಉರಿಯಿತು. ಕಟೌಟಿನ ಪಾಯಿಂಟುಗಳು ಅಂಟಿಕೊಂಡು ಬ್ಯಾಟರಿಯ ಕರೆಂಟ್ ಡೈನಮೋ ಮೂಲಕ ಹಿಂದಕ್ಕೆ ಹರಿಯುತ್ತಿತ್ತು.

ಈಗ ಮೀಟರಿನ ದೋಷಗಳು. ಕಡ್ಡಿಗಳ ವೈರು ಎರಡನೆಯ ವರ್ಷವೇ ಬುಡದಲ್ಲಿ ಮುರಿಯಿತು, ಸಿಲಿಕೋನ್ ಹೊದಿಕೆಯ ಬೇರೆ ಜೋಡಿ ಕೊಳ್ಳಬೇಕಾಯಿತು. ಒಳಗಿನ 9 ವೋಲ್ಟಿನ ಬ್ಯಾಟರಿ ಕ್ಷೀಣಿಸಿದಾಗ ಮೀಟರ್ ಇರುವುದಕ್ಕಿಂತ ಹೆಚ್ಚಿನ ವೋಲ್ಟೇಜ್ ತೋರಿಸುತ್ತದೆ. ಇದು ತಿಳಿಯದೆ ಡೈನಮೋ ಅತಿಯಾಗಿ ಚಾರ್ಜ್ ಮಾಡುತ್ತಿದೆಯೆಂದು ಭಾವಿಸಿ ಒಂದು ಭಾನುವಾರವಿಡೀ ಕಟೌಟ್ ಹೊಂದಿಸುತ್ತಾ ಕಳೆದೆ. ಎಂಜಿನ್ ಓಡುತ್ತಿರುವಾಗ ಸ್ಪಾರ್ಕ್ ಪ್ಲಗ್ ವೈರಿನ ಹತ್ತಿರ ಮೀಟರ್ ಇಟ್ಟರೆ ಅಂಕಿಗಳು ಅರ್ಥವಿಲ್ಲದಂತೆ ಕುಣಿಯುತ್ತವೆ, ದೂರ ಸರಿಸಿದರೆ ಸರಿಹೋಗುತ್ತವೆ.

ಎಲ್ಲಕ್ಕಿಂತ ಗಂಭೀರವಾದದ್ದು, ಹೆಚ್ಚಿನ ಕರೆಂಟ್ ಅಳೆಯಲು ಕೆಂಪು ಕಡ್ಡಿಯ ವೈರನ್ನು ಸಿಕ್ಕಿಸುವ 10 ಆಂಪಿಯರಿನ ತೂತು. ಅದಕ್ಕೆ ಫ್ಯೂಸ್ ಇಲ್ಲವೆಂದು ಮೀಟರಿನ ಮೇಲೆಯೇ ಮುದ್ರಿಸಿರುತ್ತಾರೆ. ಕೆಂಪು ಕಡ್ಡಿಯನ್ನು ಅಲ್ಲಿಯೇ ಮರೆತು ವೋಲ್ಟ್ ನೋಡಲೆಂದು ಬ್ಯಾಟರಿಗೆ ಮುಟ್ಟಿಸಿದರೆ ಅದು ನೇರ ಶಾರ್ಟ್ ಸರ್ಕ್ಯೂಟ್. ನಾನು ಆ ತೂತನ್ನು ಟೇಪಿನಿಂದ ಮುಚ್ಚಿಬಿಟ್ಟಿದ್ದೇನೆ. ಮನೆಯ 230 ವೋಲ್ಟಿನ ಕೆಲಸಕ್ಕೆ ಇದನ್ನು ಖಂಡಿತ ಬಳಸಬೇಡಿ.

ಆರು ಅಥವಾ ಹನ್ನೆರಡು ವೋಲ್ಟಿನ ಹಳೆಯ ಗಾಡಿಗಷ್ಟೇ ಬೇಕೆನ್ನುವವರು ಇದನ್ನು ಧಾರಾಳವಾಗಿ ಕೊಳ್ಳಬಹುದು. ಜೊತೆಗೆ ಒಳ್ಳೆಯ ಕಡ್ಡಿಗಳ ಜೋಡಿ, ಹೊಸ 9 ವೋಲ್ಟ್ ಬ್ಯಾಟರಿ ಮತ್ತು ವೈರು ಬೆಸೆದ ಒಂದು ಬಲ್ಬನ್ನು ಅದೇ ದಿನ ತಂದಿಟ್ಟುಕೊಳ್ಳಿ.