ಮಾರ್ವಾಡಿ ಕುದುರೆ ಅಂತ ಮಾರುತ್ತಾರೆ, ಮೊದಲು ಗೊರಸು ಒರೆಸಿ ನೋಡಿ

ಮೈಸೂರು, ಶ್ರೀರಂಗಪಟ್ಟಣದ ಕಡೆ ಕುದುರೆ ಹುಡುಕುತ್ತಿರುವವರು ಸ್ವಲ್ಪ ನಿಲ್ಲಿ. ಮಾರ್ವಾಡಿ ಅಂದರೆ ರಾಜಸ್ಥಾನದ ಕುದುರೆ ತಳಿ. 'ಅಪ್ಪಟ ಮಾರ್ವಾಡಿ, ಆರು ವರ್ಷ, ಮಕ್ಕಳೂ ಹತ್ತಬಹುದು' ಅಂತ ದಲ್ಲಾಳಿಯೊಬ್ಬ ನಮಗೆ ಮಾರಿದ ಹೆಣ್ಣು ಕುದುರೆ ಮನೆಗೆ ಬಂದ ವಾರದೊಳಗೇ ಕುಂಟತೊಡಗಿತು. ಅವನ ಹೆಸರು ಹಾಕುವುದಿಲ್ಲ. ಇದನ್ನು ಮಾಡುವವನು ಅವನೊಬ್ಬನೇ ಅಲ್ಲ.

ನೋಡಲು ಹೋದ ದಿನ ಕುದುರೆ ಚೆನ್ನಾಗಿಯೇ ಓಡಿತು. ಆದರೆ ಓಡಿಸಿದ್ದು ಉತ್ತ ಹೊಲದಲ್ಲಿ. ಮೆತ್ತನೆ ಮಣ್ಣಲ್ಲಿ ಕಾಲುನೋವು ಅಷ್ಟಾಗಿ ಗೊತ್ತಾಗುವುದಿಲ್ಲ. ರಸ್ತೆ ಮೇಲೆ ಒಂದು ಸುತ್ತು ಓಡಿಸಿ ಅಂದರೆ 'ಲಾಳ ಹೊಸದು ಸಾರ್, ಜಾರುತ್ತೆ' ಅಂದ. ಅರ್ಧ ಗಂಟೆ ಹಣೆಯ ಸುಳಿ ಎಷ್ಟು ಒಳ್ಳೆಯದು ಅಂತ ವಿವರಿಸಿದ. ಸುಳಿ ಚೆನ್ನಾಗಿಯೇ ಇತ್ತು ಬಿಡಿ, ನಡೆಯುವುದು ಕಾಲಿನಲ್ಲಿ ಅಲ್ವಾ?

ಗೊರಸಿಗೆ ಕಪ್ಪು ಎಣ್ಣೆ ಬಳಿದಿದ್ದರು. ಮನೆಯಲ್ಲಿ ಒರೆಸಿದಾಗ ಸುತ್ತಲೂ ಬಳೆಯಂಥ ಗೆರೆಗಳು ಕಂಡವು. ಮುಂಭಾಗದಲ್ಲಿ ಒತ್ತೊತ್ತಾಗಿ, ಹಿಂಭಾಗದಲ್ಲಿ ಅಗಲವಾಗಿ. ಪಶುವೈದ್ಯರು ನೋಡಿದ ಕೂಡಲೇ ಹಳೆಯ ಲ್ಯಾಮಿನೈಟಿಸ್ ಅಂದರು. ಗೊರಸಿನ ಒಳಪದರ ಊದುವ ಕಾಯಿಲೆ. ಕಾಳು ಅಳತೆ ಮೀರಿ ತಿನ್ನಿಸಿದರೂ ಬರುತ್ತದೆ. ಜೋರಾದರೆ ಒಳಗಿನ ಮೂಳೆಯೇ ತಿರುಗುತ್ತದೆ. ಎಕ್ಸ್‌ರೇಯಲ್ಲಿ ನಮ್ಮದಕ್ಕೆ ತಿರುಗಿತ್ತು. ತೋರಿಸುವ ದಿನ ನೋವಿನ ಔಷಧಿ ಕೊಟ್ಟಿರಬೇಕು ಅನ್ನೋದು ಡಾಕ್ಟರ ಅನುಮಾನ.

ಅದಕ್ಕೇ ಇನ್ನೊಂದು ದಿನ ಮುಂಚೆ ತಿಳಿಸದೆ ಹೋಗಿ. ಗಟ್ಟಿ ನೆಲದಲ್ಲಿ, ಹಗ್ಗ ಸಡಿಲ ಬಿಟ್ಟು ಓಡಿಸಿ. ಒಂದು ಮುಂಗಾಲು ನೋಯುತ್ತಿದ್ದರೆ ಆ ಕಾಲು ಊರಿದಾಗ ತಲೆ ಮೇಲೇಳುತ್ತದೆ. ಎರಡೂ ನೋಯುತ್ತಿದ್ದರೆ ತಲೆ ಆಡದೇ ಇರಬಹುದು. ಆಗ ಹೆಜ್ಜೆ ಚಿಕ್ಕದಾಗುತ್ತದೆ, ತಿರುಗಲು ಒದ್ದಾಡುತ್ತದೆ, ನಿಂತಾಗ ಮುಂಗಾಲು ಚಾಚಿ ಭಾರವನ್ನೆಲ್ಲ ಹಿಂದಕ್ಕೆ ಹಾಕುತ್ತದೆ.

ವಯಸ್ಸೂ ಸುಳ್ಳು. ಮೇಲಿನ ಬಾಚಿಹಲ್ಲುಗಳಲ್ಲಿ ಕೊನೆಯದರ ಮೇಲೆ ಒಂದು ಉದ್ದ ಗೆರೆ ಮೂಡುತ್ತದೆ. ಸುಮಾರು 10 ವರ್ಷಕ್ಕೆ ಒಸಡಿನ ಹತ್ತಿರ ಶುರು, 15ಕ್ಕೆ ಅರ್ಧ ಹಲ್ಲು, 20ಕ್ಕೆ ತುದಿ. ಇದು ಅಂದಾಜಿನ ಲೆಕ್ಕ. ಆದರೂ ನಮ್ಮ 'ಆರು ವರ್ಷ'ದ ಕುದುರೆಗೆ ಗೆರೆ ಅರ್ಧಕ್ಕೆ ಇಳಿದಿತ್ತು.

ಕಿವಿಯ ತುದಿ ಒಳಕ್ಕೆ ಬಾಗಿದ್ದರೆ ಮಾರ್ವಾಡಿ ಅಂತ ನಂಬಬೇಡಿ. ಗುಜರಾತಿನ ಕಾಠಿಯಾವಾಡಿ ತಳಿಗೂ ಹಾಗೇ ಇರುತ್ತದೆ, ಮಿಶ್ರತಳಿಗೂ ಬರಬಹುದು. ನೋಂದಣಿ ಕಾಗದ ಕೇಳಿ. ರೇಸ್ ಬಿಟ್ಟ ಥರೋಬ್ರೆಡ್ ಆದರೆ ಮೈಕ್ರೋಚಿಪ್ ನಂಬರು ಅದರ ಪಾಸ್‌ಪೋರ್ಟ್‌ಗೆ (ಕುದುರೆಯ ಗುರುತಿನ ಪುಸ್ತಕ) ತಾಳೆ ಆಗುತ್ತಾ ನೋಡಿಸಿ.

ಗ್ಲಾಂಡರ್ಸ್ ರಕ್ತಪರೀಕ್ಷೆ ಆಗದೆ ಮುಂಗಡ ಕೊಡಬೇಡಿ. ಈ ರೋಗ ಮನುಷ್ಯರಿಗೂ ಅಂಟುತ್ತದೆ, ಲಸಿಕೆ ಇಲ್ಲ, ಖಚಿತವಾದರೆ ಕುದುರೆಯನ್ನು ಕೊಲ್ಲಲೇಬೇಕು. ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ಪರೀಕ್ಷೆ ಆಗುತ್ತದೆ. ಮಾದರಿ ಕಳಿಸುವ ಬಗ್ಗೆ ನಿಮ್ಮ ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಕೇಳಿ.

ದುಡ್ಡು ವಾಪಸ್ ಕೇಳಿದರೆ 'ನಿಮ್ಮ ಮನೆಗೆ ಬಂದ ಮೇಲೆ ಆಗಿದ್ದು' ಅನ್ನುತ್ತಾನೆ. ಆದರೆ ಗೊರಸು ಬೆಳೆಯುವುದೇ ತಿಂಗಳಿಗೆ 1 ಸೆಂಟಿಮೀಟರ್ ಆಸುಪಾಸು. ಗೆರೆಗಳು ಗೊರಸಿನ ನಡುವಿಗೆ ಇಳಿದಿವೆ ಅಂದರೆ ಕಾಯಿಲೆ ಎಷ್ಟೋ ತಿಂಗಳ ಹಿಂದಿನದು. ಡಾಕ್ಟರು ಇದನ್ನೇ ಬರೆದುಕೊಟ್ಟಿದ್ದಾರೆ, ಅದರ ಮೇಲೆ ವಕೀಲರಿಂದ ನೋಟಿಸ್ ಹೋಗಿದೆ. ನಿಮಗೂ ಹೀಗಾಗಿದ್ದರೆ ಲಾಳ ಕಟ್ಟುವವರನ್ನು ಕರೆಸುವ ಮೊದಲೇ ನಾಲ್ಕೂ ಗೊರಸಿನ ಫೋಟೋ ತೆಗೆದಿಡಿ. ಅರ ಹಾಕಿ ಉಜ್ಜಿದರೆ ಗೆರೆ ಹೋಗಿಬಿಡುತ್ತದೆ.