12, 24, 30, 60: ಬ್ರೌಸರಿನಲ್ಲಿ ಯಾವ ಫ್ರೇಮ್ ದರ ಒಳ್ಳೆಯದು?

ವೆಬ್ ಪುಟದಲ್ಲಿ ಚಲಿಸುವ ಚಿತ್ರಕ್ಕೆ ಸೆಕೆಂಡಿಗೆ ಎಷ್ಟು ಫ್ರೇಮ್ ಬೇಕು ಎಂದು ಕೇಳಿದರೆ ಪ್ರೋಗ್ರಾಮರುಗಳು 60 ಎನ್ನುತ್ತಾರೆ, ಸಿನಿಮಾದ ನಂಟಿರುವವರು 24 ಎನ್ನುತ್ತಾರೆ. ಇವೆರಡನ್ನೂ, ಜೊತೆಗೆ 12 ಮತ್ತು 30ನ್ನೂ ನಾನು ಎರಡು ಕೆಲಸಗಳಲ್ಲಿ ಒರೆಗೆ ಹಚ್ಚಿ ನೋಡಿದೆ. ಒಂದು, ಕೈಯಲ್ಲಿ ಬರೆದ ಚಿತ್ರಗಳಿಂದ ರೆಕ್ಕೆ ಬಡಿಯುವ ಬೆಳ್ಳಕ್ಕಿ. ಇನ್ನೊಂದು, ಹಲಗೆಯಿಂದ ಚೆಂಡನ್ನು ಪುಟಿಸಿ ಇಟ್ಟಿಗೆ ಒಡೆಯುವ, ಕ್ಯಾನ್ವಾಸ್ (ಪುಟದಲ್ಲಿ ಕೋಡ್ ಚಿತ್ರ ಬರೆಯುವ ಹಾಳೆ) ಮೇಲಿನ ಆಟ. ನೋಡಿದ್ದು 60 ಹರ್ಟ್ಸ್‌ನ ಹಳೆಯ ಲ್ಯಾಪ್‌ಟಾಪ್, 90 ಹರ್ಟ್ಸ್‌ನ ಫೋನ್ ಮತ್ತು 144 ಹರ್ಟ್ಸ್‌ನ ಮಾನಿಟರ್‌ನಲ್ಲಿ. ಪರದೆಗಳನ್ನು ಮೊದಲೇ ಹೇಳಲು ಕಾರಣವಿದೆ: ನಾವು ಆರಿಸಿದ ಸಂಖ್ಯೆ ಪರದೆಯ ರಿಫ್ರೆಶ್ ದರವನ್ನು (ಪರದೆ ಸೆಕೆಂಡಿಗೆ ಎಷ್ಟು ಬಾರಿ ಚಿತ್ರವನ್ನು ಹೊಸದಾಗಿಸುತ್ತದೆ ಎಂಬ ಹರ್ಟ್ಸ್ ಲೆಕ್ಕ) ಶೇಷವಿಲ್ಲದೆ ಭಾಗಿಸುತ್ತದೆಯೇ ಎಂಬುದೇ ಅರ್ಧ ತೀರ್ಪು.

ಮೊದಲು ಕೈಬಿಟ್ಟದ್ದು 24. 60ನ್ನು 24ರಿಂದ ಭಾಗಿಸಿದರೆ ಎರಡೂವರೆ ಬರುತ್ತದೆ. ಪರದೆಗೆ ಅರ್ಧ ರಿಫ್ರೆಶ್ ಎಂಬುದಿಲ್ಲ. ಹಾಗಾಗಿ ಒಂದು ಚಿತ್ರ ಎರಡು ರಿಫ್ರೆಶ್ ಹೊತ್ತು, ಅಂದರೆ 33 ಮಿಲಿಸೆಕೆಂಡು ನಿಲ್ಲುತ್ತದೆ. ಮುಂದಿನದು ಮೂರು ರಿಫ್ರೆಶ್ ಹೊತ್ತು, 50 ಮಿಲಿಸೆಕೆಂಡು. ಬೆಳ್ಳಕ್ಕಿಯ ಹಿಂದೆ ಗುಡ್ಡಗಳ ಸಾಲು ನಿಧಾನವಾಗಿ ಜರುಗುವಾಗ ಈ ಕುಂಟು ನಡಿಗೆ ಎದ್ದು ಕಾಣುತ್ತದೆ. 144 ಹರ್ಟ್ಸ್ ಮಾನಿಟರ್‌ನಲ್ಲಿ ಪ್ರತಿ ಫ್ರೇಮಿಗೂ ಸರಿಯಾಗಿ ಆರು ರಿಫ್ರೆಶ್ ಸಿಗುವುದರಿಂದ ಕುಂಟುವುದು ನಿಂತಿತು. ಆದರೂ ಚೆಂಡು ಹರಿದು ಬರಲಿಲ್ಲ, ಒಂದು ಜಾಗದಿಂದ ಇನ್ನೊಂದಕ್ಕೆ ನೆಗೆಯಿತು. ಕ್ಯಾಮೆರಾದಲ್ಲಿ ಶಟರ್ ತೆರೆದಿರುವಷ್ಟು ಹೊತ್ತಿನ ಚಲನೆ ಪ್ರತಿ ಚಿತ್ರದಲ್ಲೂ ಮಸುಕಾಗಿ ಉಳಿಯುತ್ತದೆ, ಸಿನಿಮಾದ 24 ನಯವಾಗಿ ಕಾಣಲು ಆ ಮಸುಕಿನ ಪಾಲು ದೊಡ್ಡದು. ಕ್ಯಾನ್ವಾಸ್ ಮೇಲೆ ಬರೆದ ವೃತ್ತದ ಅಂಚು ಮಾತ್ರ ಪ್ರತಿ ಫ್ರೇಮಿನಲ್ಲೂ ಚೂಪಾಗಿಯೇ ಇರುತ್ತದೆ.

12 ಇದಕ್ಕೆ ವಿರುದ್ಧವಾದ ಅನುಭವ ಕೊಟ್ಟಿತು, ಮತ್ತು ಈ ಸಂಖ್ಯೆಯ ಬಗ್ಗೆ ನನಗೆ ಅಭಿಮಾನವೇ ಇದೆ. ಕೈಯಲ್ಲಿ ಬರೆದ ಅನಿಮೇಶನ್‌ನಲ್ಲಿ ಒಂದೊಂದು ಚಿತ್ರವನ್ನು 24ರ ಎರಡೆರಡು ಫ್ರೇಮುಗಳಿಗೆ ಹಿಡಿದು ನಿಲ್ಲಿಸುವ ಪದ್ಧತಿ ಬಹಳ ಹಳೆಯದು. 2020ರ ಡಿಸೆಂಬರ್ 31ಕ್ಕೆ ಬೆಂಬಲ ಕಳೆದುಕೊಂಡ, ವೆಬ್ ಅನಿಮೇಶನ್ ವೇದಿಕೆಯಾದ ಫ್ಲ್ಯಾಶ್‌ನ ಹಳೆಯ ಆವೃತ್ತಿಗಳಲ್ಲೂ ಹೊಸ ಕಡತ ತೆರೆದರೆ ತಾನಾಗಿ 12 ಇರುತ್ತಿತ್ತು. 60 ಹರ್ಟ್ಸ್‌ನಲ್ಲಿ ಪ್ರತಿ ಚಿತ್ರಕ್ಕೆ ಐದು, 144ರಲ್ಲಿ ಹನ್ನೆರಡು ರಿಫ್ರೆಶ್. ಫೋನಿನ 90ರಲ್ಲಿ ಏಳೂವರೆ ಬರುತ್ತದೆಯಾದರೂ ಏಳಕ್ಕೂ ಎಂಟಕ್ಕೂ ಇರುವ ಅಂತರವನ್ನು ನನ್ನ ಕಣ್ಣು ಗುರುತಿಸಲಿಲ್ಲ. ರೆಕ್ಕೆಯ ಬಡಿತಕ್ಕೆ ಕುಂಚದ ಗುಣ ಬಂತು, ಬರೆಯಬೇಕಾದ ಚಿತ್ರಗಳ ಸಂಖ್ಯೆಯೂ 24ಕ್ಕೆ ಹೋಲಿಸಿದರೆ ಅರ್ಧಕ್ಕೆ ಇಳಿಯಿತು.

ಇಲ್ಲಿ ಇನ್ನೊಂದು ದಾರಿಯೂ ಇದೆ. ರೆಕ್ಕೆಯ ಚಿತ್ರಗಳು ಪುಟದ ರೂಪ ತಿದ್ದುವ ಭಾಷೆಯಾದ ಸಿಎಸ್‌ಎಸ್‌ನ ಸ್ಟೆಪ್ಸ್ (ಹಂತಹಂತವಾಗಿ ಬದಲಿಸುವ ಸೂಚನೆ) ಮೂಲಕ 12ರಲ್ಲಿ ಬದಲಾಗಲಿ, ಹಕ್ಕಿ ಆಕಾಶ ದಾಟುವ ಚಲನೆ ಟ್ರಾನ್ಸ್‌ಫಾರ್ಮ್ (ಜಾಗ ಸರಿಸುವ ಸೂಚನೆ) ಮೂಲಕ ಪರದೆಯ ಪೂರ್ಣ ದರದಲ್ಲಿ ಸಾಗಲಿ. ಹಾರುವ ಹಕ್ಕಿಗೆ ಇದು ಬಹಳ ಚೆನ್ನಾಗಿ ಒಪ್ಪಿತು. ಅದೇ ಬೆಳ್ಳಕ್ಕಿಯನ್ನು ನೆಲದ ಮೇಲೆ ನಡೆಸಿದಾಗ ಮಾತ್ರ ಒಪ್ಪಲಿಲ್ಲ: ಕಾಲು 12ರಲ್ಲಿ ಬದಲಾಗುತ್ತದೆ, ದೇಹ ನಯವಾಗಿ ಮುಂದೆ ಹೋಗುತ್ತದೆ, ಊರಿದ ಪಾದ ನೆಲದ ಮೇಲೆ ಜಾರುತ್ತದೆ. ನಡೆಯುವ, ಓಡುವ ಪಾತ್ರಗಳಿದ್ದರೆ ಜಾಗದ ಬದಲಾವಣೆಯನ್ನೂ 12ಕ್ಕೇ ಕಟ್ಟಿಹಾಕಿ.

ಆಟದಲ್ಲಿ ಪೈಪೋಟಿ ಇದ್ದದ್ದು 30ಕ್ಕೂ 60ಕ್ಕೂ. ಚೆಂಡು ಸೆಕೆಂಡಿಗೆ 600 ಪಿಕ್ಸೆಲ್ ಓಡುತ್ತದೆ ಎನ್ನಿ. 60ರಲ್ಲಿ ಅದು ಫ್ರೇಮಿಗೆ 10 ಪಿಕ್ಸೆಲ್ ಸರಿಯುತ್ತದೆ, 30ರಲ್ಲಿ 20. ಇಟ್ಟಿಗೆಯ ದಪ್ಪ 16 ಪಿಕ್ಸೆಲ್ ಆಗಿದ್ದರೆ, ಚೆಂಡಿನ ನಡುಬಿಂದುವನ್ನಷ್ಟೇ ಪರೀಕ್ಷಿಸುವ ಸರಳ ಕೋಡ್ 30ರಲ್ಲಿ ಇಟ್ಟಿಗೆಯನ್ನು ಕಾಣದೆಯೇ ಆಚೆ ದಾಟಿಬಿಡಬಹುದು. ಹಲಗೆಯೂ ಬೆರಳಿನ ಹಿಂದೆ ಬಿದ್ದಂತೆ ಅನ್ನಿಸುತ್ತದೆ. ಇಷ್ಟಾದರೂ ಹಳೆಯ ಲ್ಯಾಪ್‌ಟಾಪ್‌ನಲ್ಲಿ 30 ಗೆದ್ದಿತು, ಏಕೆಂದರೆ ಅಲ್ಲಿ ಒಂದು ಫ್ರೇಮ್ ಬರೆಯಲು 60ಕ್ಕೆ ಸಿಗುವ 16.7 ಮಿಲಿಸೆಕೆಂಡು ಆಗಾಗ ಸಾಲುತ್ತಿರಲಿಲ್ಲ. ನಡುನಡುವೆ ಮುಗ್ಗರಿಸುವ 60ಕ್ಕಿಂತ ಒಂದೇ ಸಮನೆ ಸಾಗುವ 30 ಕಣ್ಣಿಗೂ ಕೈಗೂ ಹಿತ. ಆ ಬಳಿಕ ಇಟ್ಟಿಗೆಗಳ ಮಸುಕು ನೆರಳನ್ನು ತೆಗೆದೆ, ಹಿನ್ನೆಲೆಯನ್ನು ಬೇರೊಂದು ಕ್ಯಾನ್ವಾಸ್ ಮೇಲೆ ಒಮ್ಮೆ ಮಾತ್ರ ಬರೆದೆ. ಅದೇ ಯಂತ್ರದಲ್ಲಿ 60 ನೆಟ್ಟಗೆ ನಿಂತಿತು. ಆದ್ದರಿಂದ ದರ ಇಳಿಸುವ ಮೊದಲು ಹೊರೆ ಇಳಿಸಿ ನೋಡಿ ಎನ್ನುತ್ತೇನೆ. 30ಕ್ಕೆ ಕಟ್ಟಲೇಬೇಕಾದರೆ ಒಂದು ಎಚ್ಚರಿಕೆ: ಹಿಂದಿನ ಫ್ರೇಮಿನಿಂದ 33.33 ಮಿಲಿಸೆಕೆಂಡು ಕಳೆದಿದೆಯೇ ಎಂದು ಕೋಡ್ ಹೋಲಿಸಿ ನೋಡುವಾಗ, ಹೊತ್ತು ಅದಕ್ಕಿಂತ ಕೂದಲೆಳೆಯಷ್ಟು ಕಡಿಮೆ ಬಂದರೂ ಹೋಲಿಕೆ ಸೋತು ಮುಂದಿನ ರಿಫ್ರೆಶ್‌ಗೆ ಕಾಯುತ್ತದೆ, ಆ ಫ್ರೇಮ್ 50 ಮಿಲಿಸೆಕೆಂಡಿಗೆ ಜಾರುತ್ತದೆ. ಒಂದೆರಡು ಮಿಲಿಸೆಕೆಂಡು ಸಡಿಲ ಕೊಡಿ.

60 ಕೂಡ ಎಲ್ಲೆಡೆ ಸಲ್ಲುವುದಿಲ್ಲ. 90 ಹರ್ಟ್ಸ್ ಫೋನಿನಲ್ಲಿ ಅದು ಒಂದೂವರೆ ರಿಫ್ರೆಶ್ ಆಗಿ 11 ಮತ್ತು 22 ಮಿಲಿಸೆಕೆಂಡುಗಳ ನಡುವೆ ತೊನೆಯುತ್ತದೆ. ಅಲ್ಲಿ 30 ಸಲೀಸು, ಆದರೆ ಅದೇ 30ಕ್ಕೆ 144ರಲ್ಲಿ 4.8 ರಿಫ್ರೆಶ್ ಬರುತ್ತದೆ.

ಹೀಗಾಗಿ ಆಟದಲ್ಲಿ ಬರೆಯುವ ದರವನ್ನು ಪರದೆಗೇ ಬಿಟ್ಟುಬಿಟ್ಟೆ. ಬ್ರೌಸರು ನಮ್ಮ ಕೋಡನ್ನು ಮತ್ತೆ ಮತ್ತೆ ಕರೆಯುವಂತೆ ಮಾಡುವ ಸೂಚನೆಗಳಲ್ಲಿ ಒಂದಾದ ಸೆಟ್‌ಇಂಟರ್ವಲ್‌ಗೆ 16 ಮಿಲಿಸೆಕೆಂಡಿನ ಅಂತರ ಕೊಟ್ಟರೆ ಸೆಕೆಂಡಿಗೆ 62.5 ಬಾರಿ ಕರೆ ಬರುತ್ತದೆ. 60 ಹರ್ಟ್ಸ್‌ನಲ್ಲಿ ಹೆಚ್ಚುವರಿ ಫ್ರೇಮುಗಳು ಯಾರಿಗೂ ಕಾಣದೆ ಹೋಗಿ ಚಲನೆ ತಡವರಿಸುತ್ತದೆ. ರಿಕ್ವೆಸ್ಟ್‌ಅನಿಮೇಶನ್‌ಫ್ರೇಮ್ ಎಂಬ ಇನ್ನೊಂದು ಸೂಚನೆ ಪರದೆಯ ತಾಳಕ್ಕೇ ಕರೆ ಕೊಡುತ್ತದೆ, ಟ್ಯಾಬ್ ಮರೆಯಾದರೆ ಸುಮ್ಮನಾಗುತ್ತದೆ. ಫ್ರೇಮಿಗೆ ಇಷ್ಟು ಪಿಕ್ಸೆಲ್ ಎಂದು 60ರ ಲೆಕ್ಕದಲ್ಲಿ ಬರೆದ ಆಟ ಮಾತ್ರ ಇದರ ಜೊತೆ ಬಾಳುವುದಿಲ್ಲ: 144ರಲ್ಲಿ 2.4 ಪಟ್ಟು ವೇಗವಾಗಿ ಓಡುತ್ತದೆ, ಸಫಾರಿ ಈ ಕರೆಯನ್ನು 30ಕ್ಕೆ ಇಳಿಸುವ ಐಫೋನಿನ ಲೋ ಪವರ್ ಮೋಡ್‌ನಲ್ಲಿ ಅರ್ಧ ವೇಗಕ್ಕೆ ಬೀಳುತ್ತದೆ. ನನ್ನ ಆಟದ ಲೆಕ್ಕಾಚಾರ ಯಾವಾಗಲೂ ಸೆಕೆಂಡಿನ 60ರಲ್ಲಿ ಒಂದು ಪಾಲಿನ ಹೆಜ್ಜೆಗಳಲ್ಲಿ ನಡೆಯುತ್ತದೆ. ಕಳೆದ ಹೊತ್ತು ಕೂಡುತ್ತಾ ಹೋಗಿ, ಹೆಜ್ಜೆಯಷ್ಟು ತುಂಬಿದಾಗಲೆಲ್ಲ ಆಟವನ್ನು ಒಂದು ಹೆಜ್ಜೆ ಮುಂದೆ ಸಾಗಿಸಿ, ಅಷ್ಟು ಹೊತ್ತನ್ನು ಮೊತ್ತದಿಂದ ಕಳೆಯುತ್ತೇನೆ. ಬರೆಯುವಾಗ ಹಿಂದಿನ ಮತ್ತು ಈಗಿನ ಸ್ಥಾನಗಳ ನಡುವಿನ ಬಿಂದುವನ್ನು ತೆಗೆದುಕೊಳ್ಳುತ್ತೇನೆ. ಟ್ಯಾಬ್‌ಗೆ ಮರಳಿದಾಗ ಸಾವಿರಾರು ಹೆಜ್ಜೆಗಳು ಒಟ್ಟಿಗೆ ನುಗ್ಗದಂತೆ ಕೂಡಿದ ಹೊತ್ತಿಗೆ ಕಾಲು ಸೆಕೆಂಡಿನ ಮಿತಿ ಇಟ್ಟಿದ್ದೇನೆ.

ಸುಡೋಕು, ಚದುರಂಗದಂಥ ಆಟಗಳಿಗೆ ಈ ಯಾವ ಸಂಖ್ಯೆಯೂ ಬೇಡ. ಆಟಗಾರ ಕಾಯಿ ನಡೆಸಿದಾಗ ಒಮ್ಮೆ ಬರೆದು, ಕಾಯಿ ಜರುಗುವ ಆ ಅರೆಕ್ಷಣ ಮಾತ್ರ ಕರೆಗಳನ್ನು ನಡೆಸಿ ನಿಲ್ಲಿಸಿಬಿಡಿ. ಫೋನಿನ ಬ್ಯಾಟರಿ ಉಳಿಯುತ್ತದೆ.